ಬೈರಮ್ಮನ ಗಿಣ್ಣು, ಮಗಳ ಭಯ

ವಕ್ಕಲೇರಿಯಲ್ಲಿ ಬೈರಮ್ಮನ ಹಸು ಕರು ಹಾಕಿತೆಂದರೆ ಬೀದಿಯ ಮಕ್ಕಳಿಗೆಲ್ಲ ಹಬ್ಬ. ಗಿಣ್ಣುಹಾಲು ಮಾರುವ ಮಾತೇ ಇಲ್ಲ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ್ದು ಬೀದಿಯ ಮಕ್ಕಳ ಬಾಯಿಗೆ ಬಿದ್ದ ಮೇಲೆಯೇ ಮನೆಯವರ ತಟ್ಟೆಗೆ. ಗಂಡ ತೀರಿಕೊಂಡ ವರ್ಷವೂ ಇದು ತಪ್ಪಿರಲಿಲ್ಲ. ಹಸು ಕಟ್ಟಿಯೇ ಮಗಳು ಚಂದನಳನ್ನು ಓದಿಸಿದ ಗಟ್ಟಿಗಿತ್ತಿ ಅವಳು. ಆ ಮಗಳೀಗ ಕೋಲಾರದ ಆಸ್ಪತ್ರೆಯೊಂದರಲ್ಲಿ ವಿಕಿರಣ ಸುರಕ್ಷತೆಯ ಅಧಿಕಾರಿ. ಎಕ್ಸ್‌ರೇ ಕೋಣೆಯವರೆಲ್ಲ ಅವಳ ಮಾತು ಕೇಳಬೇಕಂತೆ.

ಈ ಸಲ ಹಸು ಕರು ಹಾಕಿದ ದಿನವೇ ದೂರದ ಯಾವುದೋ ದೇಶದಲ್ಲಿ ಅಣುಸ್ಥಾವರ ಕೆಟ್ಟು ವಿಕಿರಣ ಸೋರಿದ ಸುದ್ದಿ ಬಂತು. ಟಿವಿಯವರು ಚಂದನಳನ್ನು ಮಾತಿಗೆ ಕರೆದರು. ಅದನ್ನು ನೋಡಲು ಬೀದಿಗೆ ಬೀದಿಯೇ ಬೈರಮ್ಮನ ಮನೆಯಲ್ಲಿ ಸೇರಿತು. "ವಿಕಿರಣದ ಧೂಳು ಹುಲ್ಲಿನ ಮೇಲೆ ಬೀಳುತ್ತೆ, ಅದನ್ನು ಹಸು ತಿಂದರೆ ಹಾಲಿಗೆ ಬರುತ್ತೆ. ಮಕ್ಕಳ ಥೈರಾಯ್ಡ್‌ಗೆ ಅಪಾಯ. ಅಂಥ ಹಾಲು ಕೊಡಲೇಬಾರದು" ಎಂದಳು ಚಂದನ. ಅಷ್ಟರಲ್ಲಿ ಕರೆಂಟು ಹೋಯಿತು. ಹಾಳಾದ ಕರೆಂಟು! ಅದು ಸ್ಥಾವರದ ಸುತ್ತಮುತ್ತಲಿನವರಿಗೆ ಹೇಳಿದ ಮಾತು, ನಮ್ಮ ಹಾಲಿಗೆ ಏನೂ ಆಗಿಲ್ಲ ಎಂದು ಅವಳು ಆಮೇಲೆ ಹೇಳಿದ್ದು ಇಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಮಾರನೆಯ ದಿನ ಗಿಣ್ಣಿನ ಪಾತ್ರೆ ಹಿಡಿದು ಹೋದರೆ, ಪಕ್ಕದ ಮನೆಯ ಮೇಘನ ಬಾಗಿಲಲ್ಲೇ ಅಡ್ಡ ನಿಂತಳು. ಅವಳ ಬಾಣಂತನ ಮಾಡಿದ್ದೇ ಬೈರಮ್ಮ.

"ಬೇಜಾರ್ ಮಾಡ್ಕೋಬೇಡ ದೊಡ್ಡಮ್ಮ. ಮಗೂಗೆ ಬ್ಯಾಡ. ಚಂದನಕ್ಕಾನೇ ಹೇಳಿದ್ಲಲ್ಲ."

ಬೀದಿಯ ಒಂದು ಮನೆಯಲ್ಲೂ ಗಿಣ್ಣು ಹಾಕಿಸಿಕೊಳ್ಳಲಿಲ್ಲ. ಮನೆಗೆ ಬಂದು ಬೈರಮ್ಮ ಗೊಳೋ ಎಂದು ಅತ್ತಳು. ಫೋನು ಮಾಡಿ, "ನನ್ ಹಾಲಿಗೇ ವಿಷ ಅಂದ್ಬಿಟ್ಯಲ್ಲೇ!" ಎಂದು ಮಗಳಿಗೆ ಬೈದಳು.

ಚಂದನ ಅವತ್ತೇ ಸಂಜೆ ಎರಡು ವರ್ಷದ ಮಗಳು ಮೌನಿಕಾಳನ್ನು ಎತ್ತಿಕೊಂಡು ಓಡಿ ಬಂದಳು. ಡೈರಿ ಹತ್ತಿರ ಎಲ್ಲರಿಗೂ ಬಿಡಿಸಿ ಹೇಳ್ತೀನಿ ಎಂದಳು. ಬೈರಮ್ಮನಿಗೆ ಹೋದ ಜೀವ ಬಂದಂತಾಯಿತು. ಮೊಮ್ಮಗಳ ಬಟ್ಟೆಗೆಂದು ಬ್ಯಾಗಿಗೆ ಕೈ ಹಾಕಿದಳು. ಸಿಕ್ಕಿದ್ದು ಹಾಲಿನ ಪುಡಿಯ ಹೊಸ ಡಬ್ಬಿ.

"ಇದೇನೇ?"

ಚಂದನ ತಲೆ ತಗ್ಗಿಸಿದಳು. "ನಮ್ ಹಾಲು ಚೆನ್ನಾಗೇ ಇದೆ ಅಮ್ಮ. ವಿಕಿರಣದ ಅಳತೆ ಎಲ್ಲಾ ನೋಡಿದೀನಿ. ಆದ್ರೂ ಅಂಗಡಿ ಕಂಡಾಗ ಮನಸ್ಸು ತಡೀಲಿಲ್ಲ. ತಗೊಂಬಿಟ್ಟೆ."

ಬೈರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಡಬ್ಬಿ ಎತ್ತಿ ಬೀದಿಗೆ ಎಸೆಯೋಣ ಎನಿಸಿತು. ಆದರೆ ಮಗಳ ಮುಖ ನೋಡಿದರೆ ಬೆಳಗ್ಗೆ ಬಾಗಿಲಲ್ಲಿ ನಿಂತಿದ್ದ ಮೇಘನಳ ಮುಖದ ಹಾಗೇ ಕಂಡಿತು. ಪಾಪ, ಓದಿದವಳಾದರೂ ಹೆತ್ತವಳಲ್ಲವೇ!

"ಅಳತೆ ಗಿಳತೆ ಆಮೇಲೆ. ಮೊದಲು ಇದನ್ನ ಹೇಳು ಅವರಿಗೆ" ಎಂದಳು.

ಡೈರಿ ಮುಂದೆ ನಿಂತು ಚಂದನ ಹಾಲು ಹಾಕಲು ಬಂದಿದ್ದ ಹೆಂಗಸರಿಗೆ ಡಬ್ಬಿ ತೋರಿಸಿದಳು. "ನಂಗೂ ಭಯ ಆಯ್ತು. ಏನೂ ಇಲ್ಲ ಅಂತ ಗೊತ್ತಿದ್ದೂ ಇದನ್ನ ತಂದೆ." ಹೆಂಗಸರು ಮುಖ ಮುಖ ನೋಡಿಕೊಂಡರು. ಆಮೇಲೆ ಅವಳು ದೂರ, ಗಾಳಿ, ಪರೀಕ್ಷೆ ಎಲ್ಲ ಬಿಡಿಸಿ ಹೇಳಿದಳು. ಸೊಂಟದಲ್ಲಿ ಮಗು ಇಟ್ಟುಕೊಂಡಿದ್ದ ಮೇಘನ ಕೇಳಿದಳು, "ಹಂಗಾದ್ರೆ ಈಗ ಮೌನಿಕಂಗೆ ಏನ್ ಕೊಡ್ತೀಯಕ್ಕಾ?"

ಚಂದನ ತಾಯಿ ಹಿಡಿದು ತಂದಿದ್ದ ಪಾತ್ರೆಯಿಂದ ಒಂದು ಚೂರು ಗಿಣ್ಣು ಮುರಿದು ಮಗಳ ಬಾಯಿಗಿಟ್ಟಳು. ಅವಳ ಕೈ ನಡುಗುತ್ತಿತ್ತು. ಅದು ಎಲ್ಲರಿಗೂ ಕಂಡಿತು. ಮೌನಿಕಾ ಚಪ್ಪರಿಸಿ ಇನ್ನೊಂದಕ್ಕೆ ಬಾಯಿ ತೆರೆದಳು.

ಮೇಘನ ಮುಂದೆ ಬಂದು ತನ್ನ ಮಗುವನ್ನು ಬೈರಮ್ಮನ ಕಂಕುಳಿಗೆ ದಾಟಿಸಿದಳು.

"ನನ್ ಕೈನೂ ನಡುಗ್ತದೆ ದೊಡ್ಡಮ್ಮ. ನೀನೇ ತಿನ್ಸು."