ಏಪ್ರಿಲ್‌ನಲ್ಲಿ ಸವರಿದ ಬಳ್ಳಿ

“ಮಹಾಂತಮ್ಮ ಕೈಯಿಟ್ಟರೆ ಒಣಕೋಲೂ ಚಿಗುರುತ್ತದೆ” ಎನ್ನುತ್ತಿದ್ದರು ಜರ್ಮನಿಯ ಅಬ್‌ಸ್ಟಾಟ್ ಎಂಬ ಊರಿನಲ್ಲಿ ಅವಳ ಬೀದಿಯವರು. ಹಾಗೆ ಅಂದಾಗಲೆಲ್ಲ ಆಕೆ ಮಾತು ಮರೆಸಿ ಒಳಗೆ ಹೋಗಿಬಿಡುತ್ತಿದ್ದಳು. ನಾಚಿಕೆ ಅಂದುಕೊಂಡರು ಜನ. ನಾಚಿಕೆಯಲ್ಲ, ಕೇಳಿ.

ಗಂಡ ಪ್ರವೀಣಕುಮಾರ, ಜರ್ಮನಿ ಹೊರದೇಶದ ಕಂಪ್ಯೂಟರಿನವರಿಗೆ ಐದು ವರ್ಷದ ಮಟ್ಟಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಬಂದ ಸಾಫ್ಟ್‌ವೇರ್ ಎಂಜಿನಿಯರು. ಮಹಾಂತಮ್ಮ ಬಿಜಾಪುರದ ಕಡೆಯ ತಿಕೋಟಾದವಳು, ದ್ರಾಕ್ಷಿ ಬೆಳೆಯುವವರ ಮಗಳು. ಸುಮ್ಮನೆ ಕೂತು ಗೊತ್ತಿಲ್ಲದ ಕೈ. ಪಕ್ಕದ ಮನೆಯ ಮುದುಕಿ ಎರಿಕಾ, ಇವಳ ಬಾಯಲ್ಲಿ ಎರಿಕವ್ವ, ಈಸ್ಟರ್‌ಗೆ ಬಾನ್ ಊರಿನ ಮಗಳ ಮನೆಗೆ ಹೋಗುವಾಗ ಗಿಡಕ್ಕೆ ನೀರು ಹಾಕೆಂದು ಬೀಗದ ಕೈ ಕೊಟ್ಟಳು. ಹಿತ್ತಲ ಗೋಡೆಯ ದ್ರಾಕ್ಷಿಬಳ್ಳಿ ಅವಳ ತೀರಿಹೋದ ಗಂಡ ಫ್ರಾನ್ಸಿನ ಪ್ರೊವಾನ್ಸ್‌ನಿಂದ ತಂದು ನೆಟ್ಟದ್ದು. ಅಕ್ಟೋಬರ್‌ನಲ್ಲಿ ಅವಳು ಮನೆ ಮಾರಿ ಮಗಳ ಬಳಿಗೇ ಹೋಗುವವಳು. ಈ ಸಲದ್ದೇ ಕೊನೆಯ ಹಣ್ಣು.

ಏಪ್ರಿಲ್ ಬಂತೆಂದರೆ ತಿಕೋಟಾದಲ್ಲಿ ಚಾಟ್ನಿ, ಅಂದರೆ ಬಳ್ಳಿಯನ್ನು ಮೋಟು ಮಾಡಿ ಸವರುವುದು; ಹಣ್ಣಿಗೆಂದು ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಸವರುತ್ತಾರೆ. ಮಹಾಂತಮ್ಮ ಎರಿಕವ್ವನ ಬಳ್ಳಿಯನ್ನೂ ಹಾಗೇ ಸವರಿದಳು. ಎದುರು ಗುಡ್ಡದ ದ್ರಾಕ್ಷಿ ತೋಟಗಳಲ್ಲಿ ಯಾರೂ ಕತ್ತರಿ ಹಿಡಿದಿರಲಿಲ್ಲ. ‘ಮೈಗಳ್ಳರು’ ಅಂದುಕೊಂಡಳು. ರೂಢಿಯಂತೆ ಸವರಿದ ಒಂದು ಕಡ್ಡಿಯನ್ನು ತನ್ನ ಕುಂಡದಲ್ಲಿ ಚುಚ್ಚಿಟ್ಟಳು.

ಪ್ರವೀಣ ನೋಡಿ ತಲೆಯ ಮೇಲೆ ಕೈಹೊತ್ತ. “ಏನ ಮಾಡಿಬಿಟ್ಟಿ! ನಮ್ಮ ಆಫೀಸಿನವರು ಹೇಳ್ತಿರ್ತಾರ, ಇಲ್ಲಿ ಸವರೂದು ಚಳಿಗಾಲದಾಗ, ಒಂದಽ ಸಲ. ಕಾಯಿ ಬಿಡೂ ಕಡ್ಡೀನ ಕಡದ ಒಗದೀಯಲ್ಲ!”

ಎರಿಕವ್ವ ಮರಳಿ ಬಂದವಳು, ಮೋಟು ಬಳ್ಳಿ ನೋಡಿ, ತನ್ನ ಹಿತ್ತಲ ಹುಲ್ಲು ಕತ್ತರಿಸಲು ಬರುತ್ತಿದ್ದ ಹೆಲ್ಮುಟ್‌ನದೇ ಕೆಲಸವೆಂದುಕೊಂಡು ಅವನನ್ನು ಗೇಟಿನಲ್ಲೇ ನಿಲ್ಲಿಸಿ, ಬೈದು, ಇನ್ನು ಬರಬೇಡ ಎಂದು ಕಳಿಸಿದಳು. ಬೇಲಿಯ ಈಚೆ ಮಹಾಂತಮ್ಮ ಬಟ್ಟೆ ಒಣಹಾಕುತ್ತಿದ್ದಳು. ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ನೀರು ಹಾಕಿದ ಉಪಕಾರಕ್ಕೆಂದು ಎರಿಕವ್ವ ಜೂನ್‌ನಲ್ಲಿ ಅವಳನ್ನು ಪ್ರೊವಾನ್ಸ್‌ನ ಬಸ್ ಪ್ರವಾಸಕ್ಕೆ ಕರೆದೊಯ್ದಳು. ಕಲ್ಲುಗೋಡೆಯ ಹಳೆಯ ಊರುಗಳು, ಕಾರಂಜಿಯ ಸುತ್ತ ಗುಲಾಬಿ ತೋಟ, ಬಿಜಾಪುರದಂಥದೇ ಬಿಸಿಲು. ಮಹಾಂತಮ್ಮನಿಗೆ ಊಟ ಸೇರಲಿಲ್ಲ. ಒಂದು ದ್ರಾಕ್ಷಿ ತೋಟದಲ್ಲಿ ಎರಿಕವ್ವ ಹಸಿರು ಗೊಂಚಲನ್ನು ಅಂಗೈಯಲ್ಲಿ ತೂಗಿದಳು.

“ನನ್ನದೂ ಇಷ್ಟಾಗಿರಬೇಕಿತ್ತು. ಆ ಹೆಲ್ಮುಟ್!”

“ಹೆಲ್ಮುಟ್ ಅಲ್ಲಬೇ ಎರಿಕವ್ವಾ,” ಮೊದಲು ಕನ್ನಡವೇ ಬಂತು. ಆಮೇಲೆ ಬೆರಳುಗಳನ್ನು ಕತ್ತರಿಯಂತೆ ಆಡಿಸಿ, ಎದೆ ಮುಟ್ಟಿಕೊಂಡು, ಹರಕು ಜರ್ಮನ್‌ನಲ್ಲಿ ಹೇಳಿದಳು: “ನಾನು. ಕತ್ತರಿಸಿದ್ದು ನಾನು.”

ಎರಿಕವ್ವ ಗೊಂಚಲು ಬಿಟ್ಟಳು. “ಬಳ್ಳಿ ಹೋಗಲಿ. ನಾನು ಅವನನ್ನು ಬಯ್ಯುವಾಗ ನೀನು ಅಲ್ಲೇ ಇದ್ದೆಯಲ್ಲ?”

ಮಹಾಂತಮ್ಮ ಬಸ್ಸಿಗೆ ಮರಳಿ ಹಿಂದಿನ ಸೀಟಿನಲ್ಲಿ ಕೂತಳು.

ಮರಳಿದ ಮೇಲೆ ಎರಿಕವ್ವ ಹೆಲ್ಮುಟ್‌ನ ಕ್ಷಮೆ ಕೇಳಿದಳು. ಅವನು ಮತ್ತೆ ಕೆಲಸಕ್ಕೆ ಬರಲಿಲ್ಲ. ಅಕ್ಟೋಬರ್‌ನಲ್ಲಿ ಅವಳು ಬಾನ್‌ಗೆ ಹೋದಳು, ಹಣ್ಣು ತಿನ್ನದೆ. ಮಹಾಂತಮ್ಮ ಮಾತ್ರ ಹೆಲ್ಮುಟ್‌ನ ಓಣಿ ತಪ್ಪಿಸಿ, ಸುತ್ತು ಹಾಕಿ ಬೇಕರಿಗೆ ಹೋಗುತ್ತಿದ್ದಳು.

ಗ್ರೀನ್ ಕಾರ್ಡಿನ ಐದು ವರ್ಷ ಮುಗಿದು ಊರಿಗೆ ಹೊರಡುವ ಹೊತ್ತಿಗೆ ಕುಂಡದ ಕಡ್ಡಿ ಮೊದಲ ಗೊಂಚಲು ಬಿಟ್ಟು ಹಣ್ಣಾಗಿತ್ತು. ಬಾಗಿಲಲ್ಲಿ ಟ್ಯಾಕ್ಸಿ ನಿಂತಿತ್ತು.

“ಲಗೂ ಬಾ, ವಿಮಾನ ನಿನಗ ಕಾಯ್ತದೇನು?” ಪ್ರವೀಣ ಕೂಗಿದ.

“ನೀವು ಕುಂದರ್ರೀ, ಬಂದೆ.”

ಗೊಂಚಲನ್ನು ಟವಲಿನಲ್ಲಿ ಸುತ್ತಿಕೊಂಡು, ಮನೆಯ ಬಾಗಿಲನ್ನು ಕೊನೆಯ ಸಲ ಎಳೆದುಕೊಂಡು, ಟ್ಯಾಕ್ಸಿಯನ್ನು ದಾಟಿ, ಮಹಾಂತಮ್ಮ ಹೆಲ್ಮುಟ್‌ನ ಓಣಿಯ ಕಡೆ ನಡೆದಳು.