ತಂಗಿ ಒಪ್ಪದ ಸಾಲು

ಕಾಲೇಜಿನ ಗ್ರಾಜುಯೇಷನ್ ಡೇಗೆ ವಿದ್ಯಾರ್ಥಿಗಳ ಪರವಾಗಿ ನಾನೇ ಮಾತಾಡಬೇಕು ಎಂದು ಕನ್ನಡ ಮೇಡಂ ಹೇಳಿದಾಗ ನನ್ನ ತಲೆಗೆ ಕೊಂಬು ಬಂದಿದ್ದು ನಿಜ. ಮೂರು ನಿಮಿಷದ ಭಾಷಣಕ್ಕೆ ಮೂರು ದಿನ ಹಾಳೆ ಬರೆದು ಹರಿದು ಹಾಕಿದೆ. ಮೇಡಂ ಓದಿಸಿ ನೋಡಿ, "ಬರೆದಿರೋದು ಚೆನ್ನಾಗಿದೆ, ಆದ್ರೆ ನಿನ್ನ ದನಿ ಎರಡನೇ ಬೆಂಚಿಗೂ ಕೇಳಲ್ಲ" ಎಂದರು.

ದನಿಯ ವಿಷಯಕ್ಕೆ ನಮ್ಮ ಮನೆಯಲ್ಲಿ ಒಬ್ಬಳೇ ಗುರು, ನನ್ನ ತಂಗಿ. ನನಗಿಂತ ಎರಡು ವರ್ಷ ಚಿಕ್ಕವಳು. ಹುಲಿಕುಂಟೆ ಕಡೆಯ ಬಯಲಲ್ಲಿ ನಮ್ಮ ಕುರಿ ಮೇಯಿಸುವವಳು ಅವಳೇ. ಒಂದು ಭಾನುವಾರ ಭಾಷಣದ ಹಾಳೆ ಹಿಡಿದುಕೊಂಡು ಅವಳ ಹಿಂದೆ ಹೋದೆ. ಅವಳು ಬಂಡೆ ಮೇಲೆ ಕೂತು, "ಅಗಾ, ಜಾಲಿ ಗಿಡದ ತಾವ ಮೇಯ್ತೈತಲ್ಲ ಕರೀ ಕುರಿ, ಅದು ತಲೆ ಎತ್ತಂಗೆ ಓದು" ಎಂದಳು. ಓದಿದೆ. ಕುರಿ ಎತ್ತಲಿಲ್ಲ. "ನಿನ್ ಭಾಷಣ ಕುರೀಗೂ ಬ್ಯಾಡ್ವಂತೆ ಕಣಕ್ಕ" ಎಂದು ನಕ್ಕಳು. ಮೂರನೇ ಸಲ ಗಂಟಲು ಹರಿಯುವಂತೆ ಓದಿದಾಗ ಅದು ತಲೆ ಎತ್ತಿ ನೋಡಿತು. ಇಬ್ಬರೂ ಚಪ್ಪಾಳೆ ತಟ್ಟಿದೆವು.

ಅವಳಿಗೆ ಖುಷಿಯಾಗಲಿ ಎಂದು ಒಂದು ಸಾಲನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದನ್ನೂ ಓದಿದೆ. "ನನ್ನ ಓದಿಗಾಗಿ ಏಳನೇ ತರಗತಿಗೇ ಶಾಲೆ ಬಿಟ್ಟು ಕುರಿ ಕಾಯ್ದ ನನ್ನ ತಂಗಿಯ ತ್ಯಾಗಕ್ಕೆ ತಲೆಬಾಗುತ್ತೇನೆ."

ತಂಗಿ ನಗಲಿಲ್ಲ.

"ನಾನು ಬುಟ್ಟಿಲ್ಲ ಕಣಕ್ಕ, ಬುಡ್ಸಿದ್ರು. ಕುರಿ ಕಾಯ್ತಿದ್ದ ತಾತ ಮಂಡಿನೋವು ಅಂತ ಕುಂತ್ಕಂಡ, ಕುರಿ ಹಿಂದೆ ಯಾರಾದ್ರೂ ಬೇಕಾಗಿತ್ತು. ನನ್ನ ಯಾರು ಕೇಳಿದ್ರು?"

"ಅಂಗಂತ ಸ್ಟೇಜ್ ಮ್ಯಾಲೆ ಯೋಳಕ್ಕಾಯ್ತದಾ? ಅಪ್ಪ ಅವ್ವ ಎದುರಿಗೇ ಕುಂತಿರ್ತಾರೆ" ಎಂದು ರೇಗಿದೆ.

"ಅಂಗಾದ್ರೆ ನನ್ ಸುದ್ದೀನೇ ಬ್ಯಾಡ ಬುಡು" ಎಂದು ಎದ್ದು ಕುರಿ ತಿರುಗಿಸಲು ಹೋದಳು.

ನನಗೆ ಸಿಟ್ಟೇ ಬಂತು. ಹೊಗಳಿದರೂ ಬೇಡ ಅನ್ನುವಷ್ಟು ಜಂಬವೇ ಇವಳಿಗೆ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡು ಬಂದೆ. ಮನೆ ಬಾಗಿಲಿಗೆ ಬಂದಾಗ ಅವಳನ್ನು ಶಾಲೆ ಬಿಡಿಸಿದ ದಿನ ನೆನಪಾಯಿತು. ಇದೇ ಬಾಗಿಲಲ್ಲಿ ಅವಳು ಬ್ಯಾಗು ತಬ್ಬಿಕೊಂಡು ಅಳುತ್ತಾ ನಿಂತಿದ್ದಳು. ನಾನು ಒಳಗೆ ಗಣಿತದ ಪುಸ್ತಕ ತೆರೆದು ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಓದುತ್ತಿದ್ದೆ. ತಲೆ ಎತ್ತಿದರೆ ಅವಳ ಬದಲು ನನ್ನನ್ನೇ ಕುರಿ ಹಿಂದೆ ಕಳಿಸಿಬಿಟ್ಟಾರು ಎಂಬ ಭಯ. ಈಗ ಅದಕ್ಕೆ ತ್ಯಾಗ ಅಂತ ಹೆಸರಿಟ್ಟು ಚಪ್ಪಾಳೆ ಗಿಟ್ಟಿಸಲು ಹೊರಟಿದ್ದೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಸಮಾರಂಭದ ದಿನ ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಅಪ್ಪ, ಅವ್ವ, ತಂಗಿ ಮೂವರೂ ಶಿರಾ ಬಸ್ಸು ಹತ್ತಿ ಬಂದರು. ಅಪ್ಪ ಅವ್ವ ಮುಂದೆ ಕೂತರು, ತಂಗಿ ಕೊನೇ ಸಾಲಿಗೆ ಹೋದಳು. ಬಾಡಿಗೆ ಗೌನಿನಲ್ಲಿ ಬೆವರುತ್ತಾ ಪ್ರಾಂಶುಪಾಲರಿಗೆ, ಅತಿಥಿಗಳಿಗೆ ವಂದಿಸಿ ಮುಗಿಸಿದ ಮೇಲೆ, ಮೇಡಂಗೆ ತೋರಿಸದೇ ಇದ್ದ ಮಾತನ್ನು ಹೇಳಿದೆ.

"ನಾನು ಓದಲಿ ಅಂತ ನನ್ನ ತಂಗಿಯನ್ನು ಏಳನೇ ತರಗತಿಗೆ ಶಾಲೆ ಬಿಡಿಸಿದರು. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ."

ಚಪ್ಪಾಳೆ ಬರಲಿಲ್ಲ. ಅಪ್ಪ ತಲೆ ತಗ್ಗಿಸಿದ. ಮೇಡಂ ಸಾಕು ಎಂದು ಕೈಸನ್ನೆ ಮಾಡಿದರು.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ದೂರ ನಿಂತಿದ್ದ, ಅವ್ವ ಅವನ ಜೊತೆಗೆ. ತಂಗಿ ನನ್ನ ಪಕ್ಕಕ್ಕೆ ಬಂದು, "ಕೊನೇ ಸಾಲ್ಗೂ ಕೇಳಿಸ್ತು ಕಣಕ್ಕ" ಎಂದಳು.

"ಎಸ್ಸೆಸ್ಸೆಲ್ಸಿ ಮನೇಲೇ ಓದ್ಕಂಡು ಕಟ್ಟಬೋದಂತೆ. ಕುರಿ ವಿಷ್ಯ ನಾನು ಅಪ್ಪನ ತಾವ ಮಾತಾಡ್ತೀನಿ. ಕಟ್ತೀಯಾ?" ಎಂದು ಕೇಳಿದೆ.

ಅವಳು ಬರುವ ಬಸ್ಸುಗಳನ್ನೇ ನೋಡುತ್ತಾ, "ಯೋಚ್ನೆ ಮಾಡಿ ಯೋಳ್ತೀನಿ" ಎಂದಳು.

ಇದರಲ್ಲಿ ಯೋಚನೆ ಮಾಡುವುದೇನು ಬಂತು, ಕಟ್ಟು ಅಂದರೆ ಕಟ್ಟು ಎಂಬ ಮಾತು ನನ್ನ ನಾಲಗೆ ತುದಿಯವರೆಗೂ ಬಂದಿತ್ತು. ನುಂಗಿಕೊಂಡೆ. ಕೇಳಿದ ಮೇಲೆ ಕಾಯಬೇಕಲ್ಲ.