ಉಬ್ಬಿದ ಕೆನ್ನೆಯ ಓಬಳಪ್ಪ

ಟಕ್. ಹಾಲಿನ ಗಾಡಿಯೂ ಬಾರದ ಹೊತ್ತಿನಲ್ಲಿ, ಚಾಮರಾಜಪೇಟೆಯ ವಠಾರದ ಮನೆಯೊಂದರಲ್ಲಿ ಪೆಟ್ಟಿಗೆಯ ಕೊಂಡಿ ಸದ್ದು ಮಾಡುತ್ತದೆ. ಓಬಳಪ್ಪ ಉಸಿರು ಬಿಗಿಹಿಡಿದು ಹೆಂಡತಿಯ ಕಡೆ ನೋಡುತ್ತಾರೆ. ನರಸಮ್ಮ ಮಗ್ಗುಲು ಬದಲಿಸುತ್ತಾರೆ, ಅಷ್ಟೆ. ಕ್ಲಾರಿನೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅವರು ಕಳ್ಳನ ಹಾಗೆ ಹೊರಬೀಳುತ್ತಾರೆ.

ಕೆಂಪಾಂಬುಧಿ ಕೆರೆಯ ಏರಿಯ ಮೇಲೆ ಬೆಳಕು ಹರಿಯುವವರೆಗೆ ಒಂದೇ ಸ್ವರ. ಉದ್ದಕ್ಕೆ, ನಡುಗದ ಹಾಗೆ.

"ಎಮ್ಮೆ ಈಯೋ ಥರ ಇದೆಯಲ್ಲ ಗುರು!" ವಾಕಿಂಗ್ ಬಂದವನೊಬ್ಬ ನಗುತ್ತಾನೆ.

"ಕರು ಬರೋಕೆ ಇನ್ನೂ ಟೈಮಿದೆ ಸಾರ್" ಎಂದು ಓಬಳಪ್ಪ ಮತ್ತೆ ಊದುತ್ತಾರೆ. ಮನೆಗೆ ಹೊರಡುವ ಮುನ್ನ ವಾದ್ಯದ ಒಳಗನ್ನು ಟವೆಲ್ಲಿನ ತುದಿಯಿಂದ ಒರೆಸಿಕೊಳ್ಳುತ್ತಾರೆ.

ಐವತ್ತು ದಾಟಿದ ಈ ಬ್ಯಾಂಡ್‌ಸೆಟ್ಟಿನ ಓಬಳಪ್ಪನವರಿಗೆ ಊದಲು ಬರುತ್ತಿರಲಿಲ್ಲ. ಮೊದಲು ಮೆರವಣಿಗೆಯಲ್ಲಿ ದೀಪ ಹೊರುತ್ತಿದ್ದರು. ಒಂದು ಮದುವೆಗೆ ಆಳು ಕಡಿಮೆ ಬಿದ್ದಾಗ ಬ್ಯಾಂಡಿನ ಮೇಷ್ಟ್ರು ಆಂಜಿನಯ್ಯ ಕೆಂಪು ಕೋಟು ತೊಡಿಸಿ, "ಕೆನ್ನೆ ಉಬ್ಬಿಸು, ಬೆರಳಾಡಿಸು. ಮಿಕ್ಕಿದ್ದನ್ನ ಡ್ರಮ್ಮು ನೋಡ್ಕೊಳ್ಳುತ್ತೆ" ಎಂದರು. ತಲೆ ಲೆಕ್ಕಕ್ಕೆ ನಿಲ್ಲುವ ಇಂಥವರನ್ನು ಬ್ಯಾಂಡಿನಲ್ಲಿ 'ಡಮ್ಮಿ' ಎನ್ನುತ್ತಾರೆ. ಅಂದಿನಿಂದ ಅವರು ಬೀದಿಯಲ್ಲಿ ಡಮ್ಮಿ, ಮನೆಯಲ್ಲಿ ಕಲಾವಿದ.

ಮಗಳು ವಿಶಾಖಾಳ ನಿಶ್ಚಿತಾರ್ಥದ ದಿನ ಆ ಸುಳ್ಳು ಕುತ್ತಿಗೆಗೆ ಬಂತು. "ನನ್ ಮದುವೇಲಿ ಅಪ್ಪಾನೇ ಊದ್ಬೇಕು, ಒಬ್ರೇ" ಎಂದಳು ಬೀಗರೆದುರು.

"ನಿಜ ಹೇಳೋಣ ಅಂತಾನೇ ಬಾಯಿ ತೆಗೆದೆ. ಬಂದಿದ್ದು 'ಆಗ್ಲಮ್ಮ' ಅಂತ" ಎನ್ನುವಾಗ ಓಬಳಪ್ಪನವರ ಕಣ್ಣು ನೆಲ ಬಿಟ್ಟು ಏಳುವುದಿಲ್ಲ.

ಮದುವೆಗೆ ಇನ್ನೂ ವರ್ಷವಿತ್ತು. ಅವರು ಮೇಷ್ಟ್ರ ಬಳಿಗೆ ಹೋದರು.

"ಈ ವಯಸ್ಸಲ್ಲಿ ಯಾಕೋ ಓಬಳ? ನಾನು ಹಿಂದೆ ನಿಂತು ಊದ್ತೀನಿ ಬಿಡು."

"ಬೇಡ ಮೇಷ್ಟ್ರೇ. ಮಗಳೆದುರೂ ಕೆನ್ನೆ ಉಬ್ಬಿಸ್ಕೊಂಡು ನಿಂತ್ರೆ ಯಾರಿಗೆ ಮುಖ ತೋರಿಸ್ಲಿ?"

ಆಂಜಿನಯ್ಯ ಹಾಕಿದ್ದು ಒಂದೇ ಷರತ್ತು: ಸ್ವರ ನೆಟ್ಟಗೆ ನಿಲ್ಲುವವರೆಗೆ ಹಾಡು ಕಲಿಸಿ ಎಂದು ಕೇಳಬಾರದು. ಜ್ವರ ಬಂದರೂ, ರಾತ್ರಿಯಿಡೀ ಮೆರವಣಿಗೆ ನಡೆದು ಕಾಲು ಊದಿಕೊಂಡರೂ ಓಬಳಪ್ಪ ಏರಿ ತಪ್ಪಿಸಿಲ್ಲ. ಮುಂಗಾರು ಕಳೆದ ಮೇಲೆ ಒಂದು ಹಾಡು ಕೈಗೂಡಿದೆ.

ಮೊನ್ನೆ ವೈಯಾಲಿಕಾವಲ್‌ನ ಮದುವೆಯಲ್ಲಿ ಮೇಷ್ಟ್ರು ಕಣ್ಸನ್ನೆ ಮಾಡಿದರು. ಓಬಳಪ್ಪ ಊದಿದರು. ಒಂದು ಕಡೆ ಸ್ವರ ಜಾರಿತು. ಯಾರೂ ತಿರುಗಿ ನೋಡಲಿಲ್ಲ.

ಊದಿದರೆ ಉಸಿರಿನ ತೇವ ವಾದ್ಯದೊಳಗೆ ನಿಲ್ಲುತ್ತದೆ. ಪ್ರತಿ ಮದುವೆಯ ನಂತರ ದಾರಕ್ಕೆ ಕಟ್ಟಿದ ಬಟ್ಟೆಯನ್ನು ಒಳಗಿಂದ ಎಳೆದು ಒರೆಸುವುದು ಮೊದಲಿನಿಂದಲೂ ನರಸಮ್ಮನ ಕೆಲಸ. ಅಂದೂ ಎಳೆದರು. ಬಟ್ಟೆಯನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿದರು.

"ಏನಾಯ್ತೇ?"

"ಒದ್ದೆ ಆಗಿದೆ ರೀ" ಎಂದರು ಮೆಲ್ಲಗೆ. "ಮೊದಲ್ನೇ ಸಲ."

ಓಬಳಪ್ಪನವರ ತಲೆ ತಗ್ಗಿತು. ಇಷ್ಟು ವರ್ಷವೂ ಬಟ್ಟೆ ಒಣಗೇ ಬರುವುದನ್ನು ನರಸಮ್ಮ ನೋಡುತ್ತಲೇ ಇದ್ದರೆಂಬುದು ಅವರಿಗೆ ಹೊಳೆದೇ ಇರಲಿಲ್ಲ.

"ಏನಮ್ಮ ಒದ್ದೆ?" ಒಳಗಿನಿಂದ ವಿಶಾಖಾ ಕೂಗಿದಳು.

ನರಸಮ್ಮ ಒಮ್ಮೆ ಗಂಡನ ಮುಖ ನೋಡಿದರು.

"ಒರೆಸೋ ಬಟ್ಟೆ ಕಣೇ. ನಿಮ್ಮಪ್ಪ ಊದಿದ್ರೆ ಒದ್ದೆ ಆಗ್ದೆ ಇರುತ್ತಾ?" ಎಂದು ಅದನ್ನು ಒದರಿ ತಂತಿಯ ಮೇಲೆ ಹರವಿದರು.